ಐದು ಅಂಕಿ, ಒಂದು ಭಟ್ಟಿ

ಜೂನ್ 13, 1966, ಸೋಮವಾರ

ಇವತ್ತಿನಿಂದ ನಾನು ದೊಡ್ಡ ಮನುಷ್ಯಳು. ಬಂದರಿನ ವರ್ತಕರ ಸಂಘದ ಮಹಡಿಯಲ್ಲಿ ಇಷ್ಟು ವರ್ಷ ನೀರಜಾಕ್ಷಿ ಎಂದರೆ ಟೈಪು ಮಾಡುವವಳೋ ಪುಸ್ತಕದ ಧೂಳು ಕೊಡವುವವಳೋ ಎಂದು ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಮದ್ರಾಸಿನಲ್ಲಿ ಅರ್ಥಶಾಸ್ತ್ರದ ಎಂ.ಎ. ಮಾಡಿ ಬಂದವಳು ಎಂಬುದು ನನಗೊಬ್ಬಳಿಗೇ ನೆನಪಿತ್ತು. ಇವತ್ತು ಸಂಘದ ಅಧ್ಯಕ್ಷರು ಅಬ್ದುಲ್ ರಹ್ಮಾನ್ ಸಾಹೇಬರು ತಮ್ಮ ಮರದ ಡಿಪೋದಿಂದ ನೇರ ಬಂದು, ಅಂಗಿಗೆ ಹಿಡಿದ ಹುಡಿ ತಟ್ಟಿಕೊಂಡು ನನ್ನೆದುರು ಕುಳಿತರು.

"ರೂಪಾಯಿಯ ಬೆಲೆ ಇಳಿಸಿದ್ದಾರೆ. ಇನ್ನು ವ್ಯಾಪಾರ ಮೇಲೆ ಹೋಗ್ತದಾ ಕೆಳಗೆ ಬರ್ತದಾ ಅಂತ ಕೇಳಿದರೆ ನಮ್ಮ ನೂರು ಮೆಂಬರು ನೂರು ಉತ್ತರ ಕೊಡ್ತಾರೆ ಮಾರಾಯ್ರೆ. ನೀವು ತಿಂಗಳಿಗೊಂದು ಬುಲೆಟಿನ್ ಮಾಡಿ. ದೇಶದ ವ್ಯಾಪಾರ ಈಗ ಎಲ್ಲಿ ಉಂಟು, ಮುಂದೆ ಎಲ್ಲಿಗೆ ಹೋಗ್ತದೆ, ಅಷ್ಟೇ. ಐದು ಅಂಕಿಗಿಂತ ಹೆಚ್ಚು ಬೇಡ. ಆರನೇದು ಯಾರೂ ಓದುವುದಿಲ್ಲ."

ನಾನು ಅವರಿಗೆ ತಿಳಿಯುವ ಹಾಗೆ ಹೇಳಿದೆ. ಮದುವೆ ಮನೆಗೆ ಅಡಿಗೆಯವರು ಮೊದಲು ಬರುತ್ತಾರೆ. ನೆಂಟರು ಹೊತ್ತಿಗೆ ಸರಿಯಾಗಿ ಬರುತ್ತಾರೆ. ಬಾಡಿಗೆ ಪಾತ್ರೆಯವನು ಎಲ್ಲ ಮುಗಿದ ಮೇಲೆ ಬರುತ್ತಾನೆ. ವ್ಯಾಪಾರ ಏರುವಾಗ ಇಳಿಯುವಾಗ ಅಂಕಿಗಳೂ ಹೀಗೇ ಮೂರು ಜಾತಿ. ನಮಗೆ ಬೇಕಾದದ್ದು ಮೊದಲು ಬರುವ ಜಾತಿ.

"ಹಾಗಾದರೆ ಅಡಿಗೆಯವರನ್ನೇ ಹುಡುಕಿ," ಎಂದು ನಕ್ಕು ಎದ್ದರು. ಉರ್ವದ ಮನೆಯ ತನಕ ಬಸ್ಸಿನಲ್ಲಿ ನಿಂತುಕೊಂಡೇ ಬಂದೆ. ಆದರೂ ಖುಷಿಯಲ್ಲಿದ್ದೆ.

ಜೂನ್ 25

ಸರಕಾರದ ವರದಿಗಳನ್ನೆಲ್ಲ ಗುಡ್ಡೆ ಹಾಕಿ ಓದಿದ್ದಾಯಿತು. ಆರಿಸುವುದೆಂದರೆ ಮುಖ್ಯವಾಗಿ ಬೇಡ ಅನ್ನುವ ಕೆಲಸ. ಸಗಟು ಬೆಲೆ ಬೇಡ. ಅದು ಪಾತ್ರೆಯವನು, ಎಲ್ಲರಿಗಿಂತ ಹಿಂದೆ ಬರುತ್ತದೆ. ನಮ್ಮ ಬಂದರಿನ ಅಂಕಿಯೂ ಬೇಡ. ಮಳೆಗಾಲಕ್ಕೆ ಸರಕಿನ ಮಂಜಿ ದೋಣಿಗಳು ದಡ ಹತ್ತಿ ಕುಳಿತ ಕೂಡಲೇ ದೇಶವೇ ಮುಳುಗಿದ ಹಾಗೆ ಕಾಣುತ್ತದೆ. ರೈಲ್ವೆಯವರು ಕೊಡುವ ವ್ಯಾಗನ್ನುಗಳ ಸಂಖ್ಯೆ ಖಂಡಿತ ಬೇಡ. ವ್ಯಾಗನ್ನು ತುಂಬಿದೆ ಎಂದು ಹೇಳುತ್ತದೆ, ಏನು ತುಂಬಿದೆ ಎಂದು ಬಾಯಿ ಬಿಡುವುದಿಲ್ಲ.

ಉಳಿದದ್ದು ಇವು: ಉಕ್ಕು, ಸಿಮೆಂಟು, ಯಂತ್ರಗಳಿಗೆ ಬಂದ ಆರ್ಡರು, ಹೊಸ ಕಂಪೆನಿಗಳ ನೋಂದಣಿ, ಬ್ಯಾಂಕುಗಳಲ್ಲಿ ಕ್ಲಿಯರಾದ ಚೆಕ್ಕು. ಐದೂ ಒಳ್ಳೆಯ ಅಂಕಿಗಳು, ಅದರಲ್ಲೂ ಉಕ್ಕಿನ ಮೇಲೆ ನನಗೆ ಕಣ್ಣು ಮುಚ್ಚಿ ನಂಬುವಷ್ಟು ವಿಶ್ವಾಸ.

ಅಣ್ಣ ಯಜ್ಞನಾರಾಯಣ, ದೇವಸ್ಥಾನದ ಪೂಜೆ ಮುಗಿಸಿ ಬಂದವನು, ನನ್ನ ಹಾಳೆ ನೋಡಿ, "ಐದೇ ಗ್ರಹ ಇಟ್ಟುಕೊಂಡು ಜಾತಕ ಬರೀತೀಯಾ? ನಮಗೆ ಒಂಬತ್ತಿದ್ದರೂ ಸಾಕಾಗುವುದಿಲ್ಲ," ಎಂದ. "ನಿನ್ನ ಗ್ರಹಗಳು ದಕ್ಷಿಣೆ ನೋಡಿ ಮನೆ ಬದಲಿಸುತ್ತವೆ, ನನ್ನವು ಬದಲಿಸುವುದಿಲ್ಲ," ಎಂದೆ. ಅತ್ತಿಗೆ ವಾರಿಜಾ ಬಾಯಿಗೆ ಸೆರಗು ಹಿಡಿದು ನಕ್ಕಳು.

ಆಗಸ್ಟ್ 6, ಶನಿವಾರ

ಮೊದಲ ಬುಲೆಟಿನ್ ಸೋಮವಾರ ಹೊರಬಿತ್ತು. ಐದರಲ್ಲಿ ನಾಲ್ಕು ಕೆಳಮುಖ. "ವ್ಯಾಪಾರ ಇಳಿಯುವ ದಾರಿಯಲ್ಲಿದೆ, ಹೊಸ ಕೆಲಸಕ್ಕೆ ಕೈ ಹಾಕುವವರು ತಡೆದು ನೋಡುವುದು ಒಳ್ಳೆಯದು" ಎಂದು ಬರೆದಿದ್ದೆ.

ಇವತ್ತು ಬೋಳೂರಿನ ಹಂಚಿನ ಕಾರ್ಖಾನೆಯ ಯೂಸ್ಟೇಸ್ ಲೋಬೊ ಬಂದರು. ಕೊಡೆಯ ನೀರು ಇಳಿಸುತ್ತ ಬಾಗಿಲಲ್ಲೇ ನಿಂತು, "ನನ್ನ ಎರಡನೇ ಭಟ್ಟಿಯನ್ನು ನಿಲ್ಲಿಸಿದವರು ನೀವೆಯಾ ಮೇಡಂ?" ಎಂದು ಕೇಳಿದರು. ಕೋಪದಲ್ಲಿ ಅಲ್ಲ. ಹೊಳೆ ದಂಡೆಯಲ್ಲಿ ಇನ್ನೊಂದು ಭಟ್ಟಿ ಕಟ್ಟಿಸಲು ತೊಡಗಿದ್ದರಂತೆ. ಗೋಡೆ ಎದೆಮಟ್ಟಕ್ಕೆ ಬಂದಾಗ ನನ್ನ ಬುಲೆಟಿನ್ ಓದಿ, ಮೇಸ್ತ್ರಿಗಳನ್ನು ವಾಪಸು ಕಳಿಸಿದರಂತೆ.

"ನಮ್ಮ ಹಂಚು ಮದ್ರಾಸಿಗೆ ಹೋಗ್ತದೆ, ಬೊಂಬಾಯಿಗೆ ಹೋಗ್ತದೆ. ದೇಶದಲ್ಲಿ ಜನ ಮನೆ ಕಟ್ಟುವುದಿಲ್ಲ ಅಂತ ನಿಮ್ಮ ಅಂಕಿ ಹೇಳುವಾಗ ನಾನು ಭಟ್ಟಿ ಕಟ್ಟಿ ಎಂತ ಮಾಡುವುದು?"

ಅಂಕಿಯನ್ನು ಇಷ್ಟು ನಂಬುವ ಮನುಷ್ಯನನ್ನು ನಾನು ನೋಡಿದ್ದು ಇದೇ ಮೊದಲು. ನಮ್ಮ ಮೆಂಬರುಗಳಲ್ಲಿ ಉಳಿದವರು ಬುಲೆಟಿನ್ನಿನಲ್ಲಿ ಬೀಡಿ ಕಟ್ಟು ಸುತ್ತಿಡುತ್ತಾರೆ. ಲೋಬೊ ಅವರ ಹೆಂಡತಿ ತೀರಿಕೊಂಡು ನಾಲ್ಕು ವರ್ಷವಾಯಿತೆಂದು ಸಾಹೇಬರು ಆಮೇಲೆ ಹೇಳಿದರು. ನಾನೇನೂ ಕೇಳಿರಲಿಲ್ಲ.

ಆಗಸ್ಟ್ 27

ಸೂಚಕ ಆರಿಸುವವಳು ಒಂದು ಕಾರ್ಖಾನೆಯನ್ನಾದರೂ ಕಣ್ಣಾರೆ ನೋಡಿರಬೇಕು ಎಂದು ಬೋಳೂರಿಗೆ ಹೋಗಿ ಬಂದೆ. ಕೆಲಸದ ದೃಷ್ಟಿಯಿಂದ.

ಭಟ್ಟಿ ಎಂದರೆ ಒಂದು ಒಲೆ ಎಂದು ತಿಳಿದಿದ್ದೆ. ಹಾಗಲ್ಲ. ಸುತ್ತಲೂ ಒಂದಕ್ಕೊಂದು ಅಂಟಿಕೊಂಡ ಕೋಣೆಗಳು. ಒಂದು ಕೋಣೆಯ ಹಂಚು ಬೇಯುತ್ತಿದ್ದಂತೆ ಬೆಂಕಿಯನ್ನು ಪಕ್ಕದ ಕೋಣೆಗೆ ದಾಟಿಸುತ್ತಾರೆ. ಹಾಗೆ ಸುತ್ತುತ್ತ ಬೆಂಕಿ ಆರುವುದೇ ಇಲ್ಲ. ಹಳೆಯ ಭಟ್ಟಿಯ ಬೆಂಕಿ ಯೂಸ್ಟೇಸರ ತಂದೆ ಹಾಕಿದ್ದಂತೆ. ದಾಟಿಸುವುದನ್ನು ನಿಲ್ಲಿಸಿದರೆ ಮುಗಿಯಿತು, ಅಲ್ಲೇ ತಣ್ಣಗಾಗುತ್ತದೆ.

ಅರ್ಧ ಕಟ್ಟಿದ ಭಟ್ಟಿಗೆ ಮಳೆ ಬೀಳದಂತೆ ತೆಂಗಿನ ಮಡಲು ಮುಚ್ಚಿದ್ದರು. ಒಂದು ಮಡಲು ಎತ್ತಿ, ಮಗುವಿಗೆ ಜ್ವರ ನೋಡುವ ಹಾಗೆ ಗೋಡೆಯ ಮೇಲೆ ಕೈ ಇಟ್ಟರು. "ಇದು ಆಗಿದ್ದರೆ ಇನ್ನೂ ಅರುವತ್ತು ಹೆಂಗಸರಿಗೆ ಕೆಲಸ ಇತ್ತು. ದಿನಾ ಗೇಟಿಗೆ ಬಂದು ಕೇಳ್ತಾರೆ," ಎಂದರು. ನನಗೆ ಬಹಳ ಬೇಜಾರಾಯಿತು. ಬರುವಾಗ ಚಪ್ಪಲಿಯ ಕೆಂಪು ಕೆಸರನ್ನು ತೊಳೆಯಲಿಕ್ಕೂ ಮನಸ್ಸಾಗಲಿಲ್ಲ.

ಸೆಪ್ಟೆಂಬರ್ 10

ಉಕ್ಕಿನ ಬಗ್ಗೆ ನನಗೆ ಮೊದಲಿನಿಂದಲೂ ಅಷ್ಟು ಸಮಾಧಾನ ಇರಲಿಲ್ಲ. ಎಲ್ಲೋ ಒಂದು ಕುಲುಮೆ ಕೆಟ್ಟು ನಿಂತರೆ ಇಡೀ ದೇಶ ಕೆಟ್ಟ ಹಾಗೆ ತೋರಿಸುತ್ತದೆ. ತೆಗೆದೆ. ಯಂತ್ರಗಳ ಆರ್ಡರನ್ನು ವರದಿ ಮಾಡುವ ಕಂಪೆನಿಗಳು ಬೆರಳೆಣಿಕೆ. ಅದನ್ನೂ ತೆಗೆದೆ. ಸೂಚಕಗಳನ್ನು ಆಗಾಗ ಪರಿಷ್ಕರಿಸಬೇಕೆಂದು ಎಲ್ಲ ಪಠ್ಯಗಳಲ್ಲೂ ಇದೆ.

ಯೂಸ್ಟೇಸ್ ಹಂಚಿನ ದರಪಟ್ಟಿ ಕೊಡಲು ಬಂದಿದ್ದರು. ನಾನು ಕೇಳಿರಲಿಲ್ಲ. ಜೊತೆಗೆ ತಮ್ಮ ಹಿತ್ತಿಲ ಪೇರಳೆ ತಂದಿದ್ದರು. "ಇದು ಸೂಚಕ ಅಲ್ಲ, ತಿನ್ನಿ," ಎಂದರು.

ಸೆಪ್ಟೆಂಬರ್ 24

ಊಟದ ಹೊತ್ತಿಗೆ ಅಣ್ಣ, "ಈ ವಾರ ನಮ್ಮ ಮನೆಯಲ್ಲಿ ಸಾರಿಗಿಂತ ಹೆಚ್ಚು ಸಲ ಬಡಿಸಿದ್ದು ಆ ಹಂಚಿನವರ ಹೆಸರು," ಎಂದ. ಎಲೆ ಬಿಟ್ಟು ಎದ್ದೆ. ಕಾರ್ಖಾನೆಯ ವಿಷಯ ಮಾತಾಡಿದರೆ ಮನುಷ್ಯರ ವಿಷಯ ಅಂದುಕೊಳ್ಳುವ ಜನ. ಇವರ ಜೊತೆ ಏನು ಮಾತಾಡುವುದು.

ಅಕ್ಟೋಬರ್ 8, ಶನಿವಾರ

ಇಷ್ಟು ದಿನ ಯಾಕೆ ಹೊಳೆಯಲಿಲ್ಲವೋ. ವ್ಯಾಪಾರ ಎಂದರೆ ಸರಕು ಓಡಾಡುವುದು. ಸರಕು ಓಡಾಡುವುದು ರೈಲಿನಲ್ಲಿ. ಹಾಗಿದ್ದ ಮೇಲೆ ದೇಶದಲ್ಲಿ ದಿನಕ್ಕೆ ಎಷ್ಟು ವ್ಯಾಗನ್ನು ತುಂಬಿದೆ ಎಂಬುದಕ್ಕಿಂತ ನೇರವಾದ ಸೂಚಕ ಎಲ್ಲಿದೆ? ಸೇರಿಸಿದೆ. ಸರಕು ತುಂಬಲು ಗೋಣಿಚೀಲ ಬೇಕು. ಗೋಣಿಚೀಲದ ಬೇಡಿಕೆಯನ್ನೂ ಸೇರಿಸಿದೆ. ಎರಡೂ ಏರುತ್ತಿವೆ, ಅದೂ ಚೆನ್ನಾಗಿ. ಸಿಮೆಂಟು ಮತ್ತು ಚೆಕ್ಕು ನಿಂತಲ್ಲೇ ಇವೆ. ಹೊಸ ಕಂಪೆನಿ ಒಂದೇ ಕೆಳಗೆ, ಅದು ಇರಲಿ.

"ಚೇತರಿಕೆಯ ಲಕ್ಷಣಗಳು ಸ್ಪಷ್ಟವಾಗಿವೆ" ಎಂದು ಬರೆದು ಸಾಹೇಬರಿಗೆ ಕೊಟ್ಟೆ. ಕನ್ನಡಕ ಏರಿಸಿ ನೋಡಿದರು. "ಮೊದಲು ಉಕ್ಕು ಇತ್ತಲ್ಲ, ಎಲ್ಲಿಗೆ ಹೋಯಿತು?"

ನಾನು ದೀರ್ಘವಾಗಿ ವಿವರಿಸಿದೆ. "ಆಯ್ತು, ನೀವು ಕಲಿತವರು," ಎಂದು ರುಜು ಹಾಕಿದರು. ಅವರು ಹಾಗೆ ಅಂದದ್ದು ನನಗೆ ಅಷ್ಟು ಹಿಡಿಸಲಿಲ್ಲ.

ಯೂಸ್ಟೇಸ್ ಬಂದು ಬುಲೆಟಿನ್ನನ್ನು ನಿಂತುಕೊಂಡೇ ಓದಿದರು. ಮತ್ತೆ ಕುಳಿತು ಇನ್ನೊಮ್ಮೆ ಓದಿದರು. "ಹಾಗಾದರೆ ಸೋಮವಾರ ಮೇಸ್ತ್ರಿಗೆ ಬರಲಿಕ್ಕೆ ಹೇಳ್ತೇನೆ," ಎಂದರು. ಆ ಮುಖ ನೋಡಬೇಕಿತ್ತು.

ಅಕ್ಟೋಬರ್ 29

ನಮ್ಮ ಮನೆಯ ಪಾತ್ರೆ ತೊಳೆಯುತ್ತಿದ್ದ ಕಿನ್ನಿ ಕೆಲಸ ಬಿಟ್ಟಳು. "ಹೊಸ ಭಟ್ಟಿಗೆ ಜನ ತೆಗೀತಾರೆ ಅಕ್ಕ. ಹಂಚು ಹೊರುವುದು. ಅಲ್ಲಿ ಖಾಯಂ ಆಗ್ತದಂತೆ," ಎಂದು ನನ್ನ ಹತ್ತಿರ ಹೇಳುವಾಗ ಅವಳ ಕಾಲು ನೆಲದ ಮೇಲಿರಲಿಲ್ಲ. ನನ್ನ ಬುಲೆಟಿನ್ನಿನಿಂದ ಒಬ್ಬಳಿಗಾದರೂ ಹೀಗೆ ಒಳ್ಳೆಯದಾಯಿತಲ್ಲ ಎಂದು ಹಿಗ್ಗಿದೆ.

ವಾರಿಜಾಳಿಗೆ ಮಾತ್ರ ತಲೆಬಿಸಿ. ಪಾತ್ರೆ ರಾಶಿ ಒಂದು ಕಡೆ, ರೇಷನ್ ಒಂದು ಕಡೆ. ಕುಚ್ಚಲಕ್ಕಿ ಕೇಳಿದರೆ ಅಂಗಡಿಯವನು ನಗುತ್ತಾನಂತೆ. ಈ ವಾರವೂ ಗೋಧಿ. ಗೋಧಿಯ ದೋಸೆ ಕಾವಲಿಗೆ ಅಂಟಿ ಕುಳಿತು, ಅವಳು ಸಟ್ಟುಗವನ್ನೇ ಅಂಗಳಕ್ಕೆ ಎಸೆದಳು.

ನವೆಂಬರ್ 19

ವ್ಯಾಗನ್ನು ಇನ್ನೂ ಮೇಲೆ. ಭಟ್ಟಿಯ ಕಮಾನು ಮುಗಿದಿದೆ. ನೀಲಿ ಸೀರೆ ಉಟ್ಟು ಹೋಗಿದ್ದೆ, ಕೆಂಪು ಧೂಳಿಗೆ ಹಾಳಾಯಿತು. ಪರವಾಗಿಲ್ಲ.

ಡಿಸೆಂಬರ್ 18, ಆದಿತ್ಯವಾರ

ಮಧ್ಯಾಹ್ನ ವಾರಿಜಾ ಚಪಾತಿ ಬಡಿಸಿದಳು. ಈಗೀಗ ಅವಳಿಗೆ ಕೈ ಕುದುರಿದೆ. "ಉತ್ತರದ ಕಡೆ ಮಳೆ ಬಾರದೆ ಜನ ಉಪವಾಸ ಇದ್ದಾರಂತೆ. ಅಮೇರಿಕಾದಿಂದ ಹಡಗು ಹಡಗು ಗೋಧಿ ಬರ್ತದಂತೆ. ನಮಗೆ ಅದರ ತುದಿ," ಎಂದು ಅಣ್ಣ ಪೇಪರಿನ ಸುದ್ದಿ ಹೇಳಿದ. ನಾನೂ ಓದಿದ್ದೇ. ತಿಂಗಳುಗಟ್ಟಲೆ ಓದಿದ್ದೇನೆ.

"ಹಡಗಿನಿಂದ ಇಳಿದ ಮೇಲೆ ಒಳನಾಡಿಗೆ ಹೇಗೆ ಹೋಗ್ತದೆ?" ಎಂದು ವಾರಿಜಾ ಸುಮ್ಮನೆ ಕೇಳಿದಳು.

"ರೈಲಿನಲ್ಲಿ. ಮತ್ತೆ ಹೇಗೆ?"

ನಾನು ಕೈಯಲ್ಲಿದ್ದ ಚಪಾತಿ ತುಂಡನ್ನು ಎಲೆಗೆ ವಾಪಸು ಇಟ್ಟೆ. ಬರದ ನಾಡಿಗೆ ಹೋಗುವ ಧಾನ್ಯ. ಗೋಣಿಚೀಲದಲ್ಲಿ ತುಂಬಿ, ವ್ಯಾಗನ್ನಿಗೆ ಹಾಕಿ. ನನ್ನ ಎರಡು ಏರುಮುಖದ ಅಂಕಿಗಳು ಒಂದೇ ಹಸಿವನ್ನು ಎರಡು ಸಲ ಎಣಿಸಿವೆ. ಬೆಳೆ ಹೋದವನು ಹಂಚು ಕೊಳ್ಳುತ್ತಾನೆಯೇ? ಅಂಥವರಿಗೆ ಹಂಚು ಮಾರಹೊರಟವನಿಗೆ ನಾನು ಚೇತರಿಕೆ ಎಂದು ಬರೆದು ಕೊಟ್ಟಿದ್ದೇನೆ.

ಡಿಸೆಂಬರ್ 19

ಗೂಡ್ಸ್ ಶೆಡ್ಡಿಗೆ ಹೋಗಿ ನಿಂತೆ. ಬಂದು ನಿಂತ ವ್ಯಾಗನ್ನುಗಳಲ್ಲಿ ಗೋಧಿ, ಜೋಳ. ಹೊರಡುವ ವ್ಯಾಗನ್ನುಗಳಲ್ಲಿ ಹಂಚು ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಆಫೀಸಿಗೆ ಬಂದು ಉಕ್ಕು, ಯಂತ್ರಗಳ ಹಳೆಯ ಹಾಳೆ ತೆಗೆದು ಹೊಸ ತಿಂಗಳುಗಳನ್ನು ತುಂಬಿದೆ. ಎರಡೂ ಇಳಿಯುತ್ತಲೇ ಇವೆ. ಆಗಸ್ಟಿನಲ್ಲಿ ಬರೆದದ್ದೇ ಸರಿ ಇತ್ತು. ನನಗೆ ಹೆದರಿಕೆಯಾಗುತ್ತಿದೆ. ನಾಳೆಯೇ ಬೋಳೂರಿಗೆ ಹೋಗಿ ಹೇಳಿಬಿಡಬೇಕು.

ಡಿಸೆಂಬರ್ 23

ಇವತ್ತು ಹೋದೆ. ಹೇಳಲಿಲ್ಲ.

ಭಟ್ಟಿಗೆ ಸುಣ್ಣ ಬಳಿದು ಮುಗಿದಿತ್ತು. ಯೂಸ್ಟೇಸ್ ನನ್ನನ್ನು ಒಂದೊಂದು ಕೋಣೆಯ ಒಳಗೂ ಕರೆದುಕೊಂಡು ಹೋಗಿ ತೋರಿಸಿದರು. ಒಳಗೆ ಮಾತಾಡಿದರೆ ಸ್ವರ ಸುತ್ತಿ ಬರುತ್ತದೆಂದು ಕೊಂಕಣಿಯಲ್ಲಿ ಒಂದು ಕ್ರಿಸ್ಮಸ್ ಹಾಡಿನ ತುಂಡು ಹಾಡಿದರು. ಸ್ವರ ಒಳ್ಳೆಯದಿಲ್ಲ. ಹೊರಗೆ ಬಂದು ಚಹಾ ಕುಡಿದೆವು. ನಾನು, "ಗೋಡೆ ಚೆನ್ನಾಗಿ ಒಣಗಿದೆ," ಎಂದೆ. ಅಷ್ಟೇ.

ಹಬ್ಬ ಕಳೆಯಲಿ ಎಂದುಕೊಂಡೆ. ಹಬ್ಬದ ಮನೆಗೆ ಹೋಗಿ ಯಾರಾದರೂ ಇಂಥದ್ದು ಹೇಳುತ್ತಾರೆಯೇ?

ಡಿಸೆಂಬರ್ 25

ಯೂಸ್ಟೇಸರ ಮನೆಯಿಂದ ತಟ್ಟೆ ತುಂಬ ಕುಸ್ವಾರ್, ಕ್ರಿಸ್ಮಸ್ ತಿಂಡಿ, ಬಂತು. ಯಾರು ಮಾಡಿದ್ದೋ ಯಾವ ಎಣ್ಣೆಯೋ ಎಂದು ಅಣ್ಣ ಮುಟ್ಟಲಿಲ್ಲ. ಪಕ್ಕದ ಮನೆಗೆ ಕೊಡಲು ಹೇಳಿದ. ನಾನು ಒಂದು ನೆವ್ರಿ ತೆಗೆದಿಟ್ಟುಕೊಂಡು ಕೋಣೆಯಲ್ಲಿ ತಿಂದೆ. ಒಳಗೆ ಎಳ್ಳು, ಕೊಬ್ಬರಿ, ಬೆಲ್ಲ. ಅಳು ಬಂತು.

ಜನವರಿ 4, 1967

ಹೊಸ ಭಟ್ಟಿಗೆ ಬೆಂಕಿ ಹಾಕಲು ಒಳ್ಳೆಯ ದಿನ ನೋಡಿಸಬೇಕೆಂದು ಅಲ್ಲಿನ ಹೆಂಗಸರ ಹಟವಂತೆ. ಅದಿಲ್ಲದೆ ಒಬ್ಬಳೂ ಹಂಚು ಎತ್ತುವುದಿಲ್ಲವಂತೆ. ಯೂಸ್ಟೇಸ್ ನಮ್ಮ ಜಗಲಿಗೇ ಬಂದರು. "ನಮ್ಮ ಪಾದ್ರಿಗಳು ನೀರು ಚಿಮುಕಿಸ್ತಾರೆ. ಆದರೆ ದಿನ ನೀವೇ ಕೊಡಬೇಕು ಭಟ್ರೆ." ಅಣ್ಣ ಪಂಚಾಂಗ ತೆಗೆದ. ಧನುರ್ಮಾಸ ಮುಗಿಯದೆ ಬೇಡ, ಸಂಕ್ರಾಂತಿ ಕಳೆದು ಹತ್ತೊಂಬತ್ತಕ್ಕೆ ಆಗಬಹುದು ಎಂದ.

ಅವರು ಹೋದ ಮೇಲೆ ಅಣ್ಣ, "ನಿನಗೆ ಹುಷಾರಿಲ್ಲವಾ?" ಎಂದು ಕೇಳಿದ. ಧನುರ್ಮಾಸ ನನಗೆ ಇನ್ನೂ ಸ್ವಲ್ಪ ಸಮಯ ಕೊಟ್ಟಿದೆ. ಹೇಳುತ್ತೇನೆ. ಸರಿಯಾದ ಮಾತು ಹುಡುಕಬೇಕು, ಅಷ್ಟೇ. ಡಿಸೆಂಬರಿನ ಬುಲೆಟಿನ್ ತಡವಾಗುತ್ತದೆ, ಅಂಕಿ ಬಂದಿಲ್ಲ ಎಂದು ಸಾಹೇಬರಿಗೆ ಸುಳ್ಳು ಹೇಳಿದೆ.

ಜನವರಿ 12

ಬೇಸಗೆಯಲ್ಲಿ ನಿಜಕ್ಕೂ ಚೇತರಿಸಿಕೊಂಡರೆ? ಅಂಕಿಗಳು ತಪ್ಪುವುದುಂಟು.

ಜನವರಿ 19, ಗುರುವಾರ

ಹೇಗೆ ಬರೆಯಲಿ.

ಪಾದ್ರಿಗಳ ಪ್ರಾರ್ಥನೆ ಆಯಿತು. ಹೆಂಗಸರು ತೆಂಗಿನಕಾಯಿ ಒಡೆದರು. ಕಿನ್ನಿ ಹೊಸ ರವಿಕೆ ಹಾಕಿ ಮುಂದಿನ ಸಾಲಿನಲ್ಲಿದ್ದಳು. ಯೂಸ್ಟೇಸ್ ಒಂದು ಕಟ್ಟಿಗೆ ತುಂಡು ತಂದು ಎಲ್ಲರೆದುರು ನನ್ನ ಕೈಗೆ ಕೊಟ್ಟರು. "ಈ ಭಟ್ಟಿ ನಿಂತದ್ದೂ ಎದ್ದದ್ದೂ ಮೇಡಮ್ಮನ ಅಂಕಿಯಿಂದ. ಮೊದಲ ಕಟ್ಟಿಗೆ ಅವರೇ ಹಾಕಬೇಕು."

ಆಗ ಹೇಳಬಹುದಿತ್ತು. ಇನ್ನೂ ಬೆಂಕಿ ತಾಗಿರಲಿಲ್ಲ. ನಾನು ಬಗ್ಗಿ ಕಟ್ಟಿಗೆ ಒಳಗೆ ಇಟ್ಟೆ. ಎಲ್ಲರೂ ಚಪ್ಪಾಳೆ ತಟ್ಟಿದರು.

ಜನವರಿ 24

ಊಟ ಸೇರುವುದಿಲ್ಲ.

ಜನವರಿ 28, ಶನಿವಾರ

ಅಬ್ದುಲ್ ರಹ್ಮಾನ್ ಸಾಹೇಬರು ಬಂದು ಕುಳಿತರು. "ಮೆಂಬರುಗಳು ಕೇಳ್ತಾರೆ. ಬುಲೆಟಿನ್ ಇಲ್ಲದಿದ್ದರೆ ಇಲ್ಲ ಅಂತ ಹೇಳಿ, ಹೀಗೆ ತಪ್ಪಿಸಿಕೊಳ್ಳಬೇಡಿ. ನನ್ನ ಡಿಪೋದಲ್ಲಿ ಮರ ರಾಶಿ ಬಿದ್ದಿದೆ, ಕೇಳುವವರಿಲ್ಲ. ನೀವು ಚೇತರಿಕೆ ಅಂತ ಬರೆದದ್ದು ನಂಬಿ ನಾನೂ ತರಿಸಿದ್ದೇ." ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

ಅವರು ಹೋದ ಮೇಲೆ ಬರೆದೆ. ಉಕ್ಕು, ಯಂತ್ರಗಳನ್ನು ವಾಪಸು ತಂದೆ. ವ್ಯಾಗನ್ನು, ಗೋಣಿಚೀಲ ತೆಗೆದೆ. ಯಾಕೆ ತೆಗೆದೆ, ಅವು ಏನನ್ನು ಹೊತ್ತಿದ್ದವು ಎಂಬುದನ್ನೂ ಬರೆದೆ. "ಇಳಿತ ಇನ್ನೂ ಮುಗಿದಿಲ್ಲ. ಅಕ್ಟೋಬರಿನ ಆಯ್ಕೆ ತಪ್ಪು, ತಪ್ಪು ನನ್ನದು" ಎಂದು ಕೊನೆಯ ಸಾಲು. ಪ್ರೆಸ್ಸಿಗೆ ಮಂಗಳವಾರ ಕೊಡಬೇಕು. ಅದಕ್ಕೆ ಮುಂಚೆ ಬೋಳೂರಿಗೆ ಹೋಗಬೇಕು.

ಜನವರಿ 30, ಸೋಮವಾರ

ಕಾರ್ಖಾನೆಯ ಆಫೀಸು ಕೋಣೆಯಲ್ಲಿ ಅವರ ಎದುರು ಹಾಳೆ ಇಟ್ಟೆ. ಕೊನೆಯ ಸಾಲಿನವರೆಗೆ ಓದಿದರು. ಕಿಟಕಿಯ ಹೊರಗೆ ಅಂಗಳದ ತುಂಬ ಹೊಸ ಹಂಚು ಜೋಡಿಸಿತ್ತು. ಎತ್ತಿಕೊಂಡು ಹೋಗಲು ಒಂದು ಲಾರಿಯೂ ಇರಲಿಲ್ಲ.

"ಇದು ನಿಮಗೆ ಯಾವಾಗ ಗೊತ್ತಾದದ್ದು?"

"ಕ್ರಿಸ್ಮಸಿಗಿಂತ ಮುಂಚೆ."

"ಕಟ್ಟಿಗೆ ಹಾಕುವಾಗ ಗೊತ್ತಿತ್ತಾ?"

"ಗೊತ್ತಿತ್ತು."

"ಮತ್ತೆ ಯಾಕೆ ಹೇಳಲಿಲ್ಲ?"

ನಾಲ್ಕು ವಾರ ಹುಡುಕಿದ ಸರಿಯಾದ ಮಾತುಗಳಲ್ಲಿ ಒಂದೂ ಬಾಯಿಗೆ ಬರಲಿಲ್ಲ. "ನೀವು ಅಷ್ಟು ಸಂತೋಷದಲ್ಲಿದ್ದಿರಿ," ಎಂದೆ.

ಅವರು ನನ್ನ ಮುಖವನ್ನೇ ನೋಡಿದರು. "ನಾನು ನಿಮ್ಮ ಹತ್ತಿರ ಸಂತೋಷ ಕೇಳಿದೆನಾ? ಅಂಕಿ ಕೇಳಿದ್ದು." ಧ್ವನಿ ಏರಲಿಲ್ಲ. ನನಗೆ ನೆಲ ಬಿರಿದು ಒಳಗೆ ಹೋಗುವಂತಾಯಿತು.

ಅವರು ಹಾಳೆಯನ್ನು ಮಗುಚಿ ಇಟ್ಟು ಕೇಳಿದರು: "ಈಗ ಕಾಗದ ಬೇಡ. ನೀವು ಹೇಳಿ. ಎರಡು ಭಟ್ಟಿ ನಡೆಸಿದರೆ ಎಂತ ಆಗ್ತದೆ?"

"ಹಂಚು ಅಂಗಳದಲ್ಲೇ ಉಳಿಯುತ್ತದೆ. ಮಳೆಗಾಲದೊಳಗೆ ಹಳೆಯ ಭಟ್ಟಿಯೂ ನಿಲ್ಲುತ್ತದೆ."

"ಹಾಗಾದರೆ?"

"ಹೊಸದರ ಬೆಂಕಿ ಮುಂದೆ ದಾಟಿಸಬೇಡಿ. ಆರಲಿ."

ಯೂಸ್ಟೇಸ್ ಎದ್ದರು. ನಾನೂ ಹಿಂದೆ ಹೋದೆ. ಬನ್ನಿ ಎಂದೂ ಅನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ. ಭಟ್ಟಿಯ ಮುಂದೆ ಹೊಸದಾಗಿ ಸೇರಿದ ಹೆಂಗಸರನ್ನೆಲ್ಲ ಕರೆಸಿದರು. ದೇಶದಲ್ಲಿ ಹಂಚು ಹೋಗುವುದಿಲ್ಲ, ಇವತ್ತಿಗೆ ಈ ಭಟ್ಟಿ ನಿಲ್ಲಿಸುತ್ತೇನೆ, ಈ ವಾರದ ಮಜೂರಿ ಪೂರ್ತಿ ಕೊಡುತ್ತೇನೆ ಎಂದು ತುಳುವಿನಲ್ಲಿ ಹೇಳಿದರು. ಯಾರೂ ಗಲಾಟೆ ಮಾಡಲಿಲ್ಲ. ಒಬ್ಬಳು ತಲೆಯ ಮೇಲಿನ ಸಿಂಬಿ ತೆಗೆದು ಕೈಯಲ್ಲಿ ಹಿಡಿದುಕೊಂಡಳು.

"ಏರ್ ಪಂಡಿನಿ?" ಎಂದು ಹಿಂದಿನಿಂದ ಒಂದು ಸ್ವರ ಬಂತು. ಯಾರು ಹೇಳಿದ್ದು ಎಂದು.

ಯೂಸ್ಟೇಸ್ ಉತ್ತರ ಕೊಡಲಿಲ್ಲ. ನನ್ನ ಹೆಸರು ಅವರ ಬಾಯಿಂದ ಬರುವುದಿಲ್ಲ ಎಂದು ನನಗೆ ಗೊತ್ತಾಯಿತು. ಆ ಮೌನದ ಹಿಂದೆ ನಿಂತುಕೊಳ್ಳುವುದು ಸುಲಭವಿತ್ತು.

"ಯಾನ್," ಎಂದೆ. "ನಾನು ಹೇಳಿದ್ದು. ಆವತ್ತು ಬೆಂಕಿ ಹಾಕಬಹುದು ಎಂದದ್ದೂ ನಾನೇ. ಅದು ತಪ್ಪಾಯಿತು."

ಕಿನ್ನಿ ಹೆಂಗಸರ ನಡುವಿನಿಂದ ಮುಂದೆ ಬಂದಳು. ನಮ್ಮ ಅಡಿಗೆಮನೆಯಲ್ಲಿ ಅವಳ ಜಾಗಕ್ಕೆ ಈಗ ಬೇರೆಯವಳಿದ್ದಾಳೆ, ಅದು ಅವಳಿಗೂ ಗೊತ್ತು. ಬೈಯುತ್ತಾಳೆ ಎಂದು ಕಾದೆ.

"ಪುನಃ ಯಾವಾಗ ಬೆಂಕಿ ಹಾಕ್ತಾರೆ ಅಕ್ಕ?"

"ಗೊತ್ತಿಲ್ಲ ಕಿನ್ನಿ. ಗೊತ್ತಾದ ದಿನ ಹೇಳ್ತೇನೆ."

"ಬುಲೆಟಿನ್ನಿನಲ್ಲಿ ಬರೆಯಬೇಡಿ. ನಮಗೆ ಓದಲಿಕ್ಕೆ ಬರುವುದಿಲ್ಲ. ಇಲ್ಲಿಗೇ ಬಂದು ಹೇಳಿ."

ಬರುತ್ತೇನೆ ಎಂದೆ. ಯೂಸ್ಟೇಸ್ ಅದನ್ನು ಕೇಳಿಸಿಕೊಂಡರು, ಆದರೆ ನನ್ನ ಕಡೆ ತಿರುಗಲಿಲ್ಲ.